ಎಮ್ಮೆಗೆ ಬರೆ ಹಾಕಬೇಡಿ: ಹಳೆಯ ಪಿಕಪ್‌ನ ಇಗ್ನಿಷನ್ ಮಾಡ್ಯೂಲ್ ಹುಡುಕಿ ಪರೀಕ್ಷಿಸುವ ಸೂತ್ರಗಳು

ಸೆಲ್ಫ್ ಹೊಡೆದರೆ ಎಂಜಿನ್ ಗಿರಗಿರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬ್ಯಾಟರಿ ಚೆನ್ನಾಗಿದೆ, ಕಿಡಿ ಮಾತ್ರ ಇಲ್ಲ. ಅಮೆರಿಕದಲ್ಲಿ ಹಳೆಯ ಶೆವ್ರೊಲೆ, ಫೋರ್ಡ್, ಡಾಡ್ಜ್ ಪಿಕಪ್ ಸಾಕಿದವರ ನಡುವೆ ಈ ಮಾತು ಎತ್ತಿ ನೋಡಿ, "ಮಾಡ್ಯೂಲ್ ಹೋಗಿದೆ, ಬದಲಾಯಿಸಿಬಿಡಿ" ಎಂಬ ತೀರ್ಪು ತಕ್ಷಣ ಬರುತ್ತದೆ. ಹೊಸ ಮಾಡ್ಯೂಲ್ ಬರುತ್ತದೆ, ಡಾಲರ್ ಹೋಗುತ್ತದೆ, ಗಾಡಿ ನಿಂತಲ್ಲೇ ನಿಂತಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮಾಡ್ಯೂಲ್ ಅಂದರೆ ಒಂದು ಸ್ವಿಚ್, ಅಷ್ಟೇ. ಮೊದಲು ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಮಾಡುತ್ತಿದ್ದ ಕೆಲಸವನ್ನು ಈಗ ಟ್ರಾನ್ಸಿಸ್ಟರ್ ಮಾಡುತ್ತದೆ. ಇಗ್ನಿಷನ್ ಕಾಯಿಲ್‌ನ ನೆಗೆಟಿವ್ ಕಡೆಯನ್ನು ಅರ್ಥ್‌ಗೆ ಸೇರಿಸುತ್ತದೆ, ಸರಿಯಾದ ಕ್ಷಣಕ್ಕೆ ಬಿಡಿಸುತ್ತದೆ. ಬಿಡಿಸಿದ ಆ ಕ್ಷಣದಲ್ಲಿ ಕಿಡಿ ಹುಟ್ಟುತ್ತದೆ. ಯಾವಾಗ ಬಿಡಿಸಬೇಕೆಂದು ಹೇಳುವುದು ಡಿಸ್ಟ್ರಿಬ್ಯೂಟರ್‌ನ ಪಿಕಪ್ ಕಾಯಿಲ್ ಅಥವಾ ಸೆನ್ಸರ್. ಕ್ರೈಸ್ಲರ್ ತನ್ನ ಅಮೆರಿಕನ್ ಗಾಡಿಗಳಿಗೆಲ್ಲ 1973ರ ಹೊತ್ತಿಗೆ ಈ ವ್ಯವಸ್ಥೆ ಕೊಟ್ಟಿತು. ಜನರಲ್ ಮೋಟಾರ್ಸ್ ತನ್ನ 'ಎಚ್‌ಇಐ'ಯನ್ನು 1975ರ ಮಾಡೆಲ್‌ಗಳಿಗೆ ಹಾಕಿತು.

ಕರ್ನಾಟಕದ ರಸ್ತೆಯ ಬಹುಪಾಲು ಪಿಕಪ್‌ಗಳಿಗೆ ಈ ತಲೆನೋವಿಲ್ಲ. ಟಾಟಾ 207, ಬೊಲೆರೊ ಪಿಕಪ್ ಹೆಚ್ಚಾಗಿ ಡೀಸೆಲ್ ಗಾಡಿಗಳು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ ಅಂದಮೇಲೆ ಮಾಡ್ಯೂಲ್ ಎಲ್ಲಿಂದ? ಕೆಳಗಿನದೆಲ್ಲ ಟೆಕ್ಸಸ್‌ನಲ್ಲೋ ಮಿಷಿಗನ್‌ನಲ್ಲೋ 80ರ ದಶಕದ ಪೆಟ್ರೋಲ್ ಟ್ರಕ್ ಒಂದನ್ನು ಪ್ರೀತಿಯಿಂದ ಕೊಂಡು ಮನೆಮುಂದೆ ನಿಲ್ಲಿಸಿಕೊಂಡ ಕನ್ನಡಿಗರಿಗೆ.

1. ಕಿಡಿ ಇಲ್ಲ ಎಂಬುದನ್ನೇ ಮೊದಲು ಸಾಬೀತು ಮಾಡಿ.

ಪ್ಲಗ್ ವೈರ್ ಬಿಚ್ಚಿ, ಕೈಯಲ್ಲಿ ಹಿಡಿದು, ಎಂಜಿನ್ ಹತ್ತಿರ ತಂದು ಚಟಪಟ ನೋಡುವುದು ಪಾಯಿಂಟ್ ಕಾಲದ ಗ್ಯಾರೇಜ್ ಪದ್ಧತಿ. ಎಲೆಕ್ಟ್ರಾನಿಕ್ ಇಗ್ನಿಷನ್‌ಗೆ ಅದು ಒಗ್ಗದು. ಇಲ್ಲಿ 30 ಸಾವಿರ ವೋಲ್ಟ್ ದಾಟುವ ಕರೆಂಟ್ ಇದೆ. ಕೈಗೆ ಹೊಡೆದರೆ ಮನುಷ್ಯ ಹಿಂದಕ್ಕೆ ಹಾರುತ್ತಾನೆ. ವೈರನ್ನು ಗಾಳಿಯಲ್ಲಿ ತೂಗಬಿಟ್ಟು ಸೆಲ್ಫ್ ಹೊಡೆದರೆ ಆ ವೋಲ್ಟೇಜ್ ದಾರಿ ಸಿಗದೆ ಕಾಯಿಲ್ಲನ್ನೋ ಮಾಡ್ಯೂಲನ್ನೋ ಸುಟ್ಟುಕೊಂಡು ಹೋಗಬಹುದು. ಚೆನ್ನಾಗಿದ್ದ ಮಾಡ್ಯೂಲನ್ನು ಪರೀಕ್ಷೆಯೇ ಕೊಲ್ಲುವುದು ಹೀಗೆ.

ಸ್ಪಾರ್ಕ್ ಟೆಸ್ಟರ್ ಒಂದನ್ನು ಕೊಳ್ಳಿ. ಪ್ಲಗ್‌ನಂತೆಯೇ ಇರುತ್ತದೆ, ಅದಕ್ಕೊಂದು ಕ್ಲಿಪ್. ಎಚ್‌ಇಐಗೆ ಆಗುವಂಥದ್ದೇ ಬೇಕೆಂದು ಕೇಳಿ, ಅದರ ಗ್ಯಾಪ್ ದೊಡ್ಡದು. ಕ್ಲಿಪ್ಪನ್ನು ಎಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ, ಒಬ್ಬರನ್ನು ಕೀ ತಿರುಗಿಸಲು ಕೂರಿಸಿ, ದೂರ ನಿಂತು ನೋಡಿ. ನೀಲಿ ಬಣ್ಣದ, ಟಕ್ ಟಕ್ ಎಂದು ಸದ್ದು ಮಾಡುವ ಕಿಡಿ ಬಂದರೆ ಮಾಡ್ಯೂಲ್ ವಿಷಯ ಇಲ್ಲಿಗೆ ಬಿಡಿ. ನಿಮ್ಮ ರೋಗ ಪೆಟ್ರೋಲ್ ಪಂಪಿನಲ್ಲೋ ಟೈಮಿಂಗಿನಲ್ಲೋ ಇದೆ.

2. ಕಿಡಿ ಕಾಯಿಲ್‌ನಿಂದ ಬಂದು ಪ್ಲಗ್‌ಗೆ ತಲುಪದಿದ್ದರೆ ಕ್ಯಾಪ್ ತೆಗೆಯಿರಿ.

ಕಾಯಿಲ್ ಹೊರಗಿರುವ ಗಾಡಿಗಳಲ್ಲಿ ನಡುವಿನ ದಪ್ಪ ವೈರ್‌ನಲ್ಲಿ ಕಿಡಿ ಇದ್ದು ಪ್ಲಗ್‌ಗಳಲ್ಲಿ ಇಲ್ಲವೆಂದರೆ ತಪ್ಪು ಡಿಸ್ಟ್ರಿಬ್ಯೂಟರ್ ಕ್ಯಾಪ್ ಅಥವಾ ರೋಟರ್‌ನದು. ಕ್ಯಾಪ್ ತೆಗೆದಾಗ ಇನ್ನೊಂದು ಕೆಲಸವನ್ನೂ ಮುಗಿಸಿಬಿಡಿ: ಸೆಲ್ಫ್ ಹೊಡೆಸಿ, ರೋಟರ್ ತಿರುಗುತ್ತಿದೆಯೇ ನೋಡಿ. ತಿರುಗದಿದ್ದರೆ ಟೈಮಿಂಗ್ ಚೈನ್ ಕಡಿದಿದೆ, ಗೇರ್ ಹಲ್ಲು ಹೋಗಿದೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಗೇರಿನ ಪಿನ್ ಮುರಿದಿದೆ. ರೋಟರ್ ತಿರುಗದ ಗಾಡಿಯಲ್ಲಿ ಮಾಡ್ಯೂಲ್ ಪರೀಕ್ಷಿಸುವುದಕ್ಕೆ ಅರ್ಥವಿಲ್ಲ.

3. ಗಾಡಿ ಹೇಗೆ ಸತ್ತಿತು ಎಂಬುದನ್ನು ನೆನಪಿಸಿಕೊಂಡು ಬರೆದಿಡಿ.

ಎಂಜಿನ್ ಬಿಸಿ ಏರಿದ ಮೇಲೆ ಪಕ್ಕನೆ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡರೆ ಅದು ಮಾಡ್ಯೂಲ್ ರೋಗದ ಹಳೆಯ ಗುರುತು. ಒಳಗಿನ ಸೂಕ್ಷ್ಮ ಬೆಸುಗೆ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದರೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಪಿಕಪ್ ಕಾಯಿಲ್‌ನ ಸೀಳಿದ ತಂತಿಯೂ ಇದೇ ಆಟ ಆಡುತ್ತದೆ, ಇಗ್ನಿಷನ್ ಕಾಯಿಲ್ಲೂ ಆಡುತ್ತದೆ. ಲಕ್ಷಣ ನಿಮಗೆ ಬೀದಿಯ ಹೆಸರು ಹೇಳುತ್ತದೆ, ಮನೆ ನಂಬರ್ ಹೇಳುವುದಿಲ್ಲ.

ಆರ್‌ಪಿಎಂ ಮೀಟರ್ ಇರುವ ಟ್ರಕ್ ಆದರೆ ಮುಳ್ಳನ್ನು ಗಮನಿಸಿ. ಹಳೆಯ ಗಾಡಿಗಳಲ್ಲಿ ಆ ಮೀಟರ್‌ಗೆ ಲೆಕ್ಕ ಸಿಗುವುದು ಕಾಯಿಲ್‌ನ ನೆಗೆಟಿವ್ ಕಡೆಯಿಂದ. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಮುಳ್ಳು ಧೊಪ್ಪನೆ ಸೊನ್ನೆಗೆ ಬಿದ್ದರೆ ಇಗ್ನಿಷನ್ ಸತ್ತಿದೆ. ಎಂಜಿನ್ ಜೊತೆ ಮೆಲ್ಲಗೆ ಇಳಿದರೆ ಪೆಟ್ರೋಲ್ ಕಡೆ ನೋಡಿ.

ಇನ್ನೊಂದು ಲಕ್ಷಣ ಡಾಡ್ಜ್‌ನವರಿಗೆ ಚೆನ್ನಾಗಿ ಗೊತ್ತು: ಸೆಲ್ಫ್ ಹೊಡೆಯುವಾಗ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ಕೂಡಲೇ ಆರಿಹೋಗುತ್ತದೆ. ಅದಕ್ಕೆ 13ನೇ ಸೂತ್ರ.

4. ಬ್ಯಾಟರಿಗೆ ಮೀಟರ್ ಹಿಡಿಯದೆ ಮುಂದೆ ಹೋಗಬೇಡಿ.

ಸುಮ್ಮನಿದ್ದಾಗ 12.4ರಿಂದ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಎಂಜಿನ್ ತಿರುಗುತ್ತದೆ, ಮಾಡ್ಯೂಲ್‌ಗೆ ಉಣ್ಣಲು ಸಾಲುವುದಿಲ್ಲ.

5. ಮಾಡ್ಯೂಲ್ ಎಲ್ಲಿದೆ ಎಂಬುದು ಕಂಪನಿ ಮತ್ತು ಇಸವಿಯ ಮೇಲೆ ನಿಂತಿದೆ.

ಒಂದು ಎಚ್ಚರಿಕೆ ಮೊದಲು. ಕೈಪಿಡಿಯಲ್ಲಿ ಎಡ, ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಕೂತವರ ಎಡ, ಬಲ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ನಮ್ಮೂರಿನ ಅಭ್ಯಾಸದಲ್ಲಿ ಬಾನೆಟ್ ಮುಂದೆ ನಿಂತು ಓದಿದರೆ ಎರಡು ಸಲ ತಪ್ಪುತ್ತೀರಿ.

ಶೆವ್ರೊಲೆ, ಜಿಎಂಸಿ: 1975ರಿಂದ ಮುಂದೆ ಮಾಡ್ಯೂಲ್ ಡಿಸ್ಟ್ರಿಬ್ಯೂಟರ್‌ನ ಹೊಟ್ಟೆಯೊಳಗಿದೆ. ಸ್ಮಾಲ್ ಬ್ಲಾಕ್ ವಿ8ನಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಬದಿ, ಕ್ಯಾಬಿನ್ ಗೋಡೆಗೆ ಅಂಟಿಕೊಂಡಂತೆ ಇರುತ್ತದೆ. ಬಂಪರ್ ಮೇಲೆ ಹತ್ತಿ ಹೊಟ್ಟೆ ಊರಿ ಕೆಲಸ ಮಾಡಬೇಕು, ಬೇರೆ ದಾರಿ ಇಲ್ಲ. ದೊಡ್ಡ ಕ್ಯಾಪ್‌ನ ಹಳೆಯ ಎಚ್‌ಇಐನಲ್ಲಿ ಕಾಯಿಲ್ ಕೂಡ ಕ್ಯಾಪ್ ಮೇಲೆಯೇ ಕೂತಿರುತ್ತದೆ. ಕ್ಯಾಪ್‌ನ ನಾಲ್ಕು ಚಿಲಕಗಳನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ತಿರುಗಿಸಿ, ಕ್ಯಾಪ್ ಎತ್ತಿ, ರೋಟರ್‌ನ ಎರಡು ಸ್ಕ್ರೂ ಬಿಚ್ಚಿ. ಕೆಳಗೆ ಎರಡು ಸ್ಕ್ರೂಗಳಲ್ಲಿ ಕೂತಿರುವ ಕಪ್ಪು ತುಂಡೇ ಮಾಡ್ಯೂಲ್. ಮೊದಲಿನವಕ್ಕೆ ನಾಲ್ಕು ಕಾಲು, ಕಂಪ್ಯೂಟರ್ ಬಂದ ಮೇಲೆ ಕಾಲುಗಳು ಹೆಚ್ಚಿದವು. 1988ರಿಂದ 1995ರವರೆಗಿನ ಥ್ರಾಟಲ್ ಬಾಡಿ ಇಂಜೆಕ್ಷನ್ ಟ್ರಕ್‌ಗಳಲ್ಲಿ ಕ್ಯಾಪ್ ಚಿಕ್ಕದು, ಕಾಯಿಲ್ ಹೊರಗೆ, ಮಾಡ್ಯೂಲ್ ಮಾತ್ರ ಒಳಗೇ. 1996ರ ವೋರ್ಟೆಕ್ ಎಂಜಿನ್ನಿನಲ್ಲಿ ಅದು ಕೊನೆಗೂ ಹೊರಬಂದು ಕಾಯಿಲ್ ಜೊತೆ ಒಂದೇ ಬ್ರಾಕೆಟ್ ಮೇಲೆ ಕೂತಿತು.

ಫೋರ್ಡ್: 70ರ ದಶಕದ ಕೊನೆಯಿಂದ 80ರ ದಶಕದ ಮೊದಲ ಭಾಗದವರೆಗಿನ, ಡ್ಯುರಾಸ್ಪಾರ್ಕ್ ಇಗ್ನಿಷನ್ ಇರುವ ಟ್ರಕ್‌ಗಳಲ್ಲಿ ಬಾನೆಟ್ ಒಳಗೆ ಡ್ರೈವರ್ ಕಡೆಯ ಫೆಂಡರ್ ಗೋಡೆಗೆ ಬೋಲ್ಟ್ ಮಾಡಿದ ಲೋಹದ ಪೆಟ್ಟಿಗೆ. ವೈರ್‌ಗಳು ಹೊರಬರುವ ಕಡೆ ನೀಲಿ ರಬ್ಬರ್ ಇದ್ದರೆ ಡ್ಯುರಾಸ್ಪಾರ್ಕ್ 2. ಆಮೇಲೆ ಬಂದದ್ದು 'ಟಿಎಫ್‌ಐ'. ಅದನ್ನು ಡಿಸ್ಟ್ರಿಬ್ಯೂಟರ್‌ನ ಪಕ್ಕಕ್ಕೇ ಬಿಗಿದರು. ಎಂಜಿನ್ನಿನ ಕಾವು ನೇರವಾಗಿ ತಟ್ಟುವ ಜಾಗ. ಎಲೆಕ್ಟ್ರಾನಿಕ್ ಭಾಗವನ್ನು ಅಲ್ಲಿ ಇಡಲು ಒಪ್ಪಿದವರ ಧೈರ್ಯವನ್ನು ಮೆಚ್ಚಬೇಕೋ ಬೈಯಬೇಕೋ ತಿಳಿಯದು. ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದು 2000ರಲ್ಲಿ ಈ ಮಾಡ್ಯೂಲ್‌ಗಳ ವಿಷಯದಲ್ಲಿ ಕಂಪನಿಯ ವಿರುದ್ಧ ತೀರ್ಪು ಹೇಳಿತು, ಮರುವರ್ಷ ರಾಜಿಯಾಯಿತು. ಅಷ್ಟರೊಳಗೆ, 90ರ ದಶಕದ ಮೊದಲ ವರ್ಷಗಳಲ್ಲೇ, ಎಫ್ ಸರಣಿಯ ಟ್ರಕ್‌ಗಳಲ್ಲಿ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರ್‌ನಿಂದ ಬಿಡಿಸಿ ಫೆಂಡರ್ ಕಡೆ ಅಲ್ಯೂಮಿನಿಯಂ ಹೀಟ್ ಸಿಂಕ್ ಮೇಲೆ ಕೂರಿಸಿದ್ದರು. ವಿಂಡ್ಸರ್ ವಿ8ನಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂದೆ, ಕೈಗೆಟುಕುವ ಜಾಗದಲ್ಲಿದೆ. ಈ ಒಂದು ವಿಷಯದಲ್ಲಿ ಫೋರ್ಡ್‌ನವರು ಪುಣ್ಯವಂತರು.

ಡಾಡ್ಜ್: 70ರ ದಶಕ, 80ರ ದಶಕದ ಬಹುಪಾಲು ಟ್ರಕ್‌ಗಳಲ್ಲಿ ಕ್ಯಾಬಿನ್ ಗೋಡೆಯ ಮೇಲೆ ಅಂಗೈ ಅಗಲದ ಪೆಟ್ಟಿಗೆ. ಅದರ ಮುಖದಲ್ಲಿ ಗುಬುಟಿನಂತೆ ಎದ್ದಿರುವ ಟ್ರಾನ್ಸಿಸ್ಟರ್ ಕಾಣುತ್ತದೆ. ಎಂಜಿನ್ ಓಡುವಾಗ ಅದನ್ನು ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ. ಅದರ ನೆರೆಯಲ್ಲೇ ಬಿಳಿ ಪಿಂಗಾಣಿಯ ಬ್ಯಾಲಸ್ಟ್ ರೆಸಿಸ್ಟರ್.

ಟೊಯೊಟಾ: 22ಆರ್, 22ಆರ್‌ಇ ಎಂಜಿನ್ನಿನ ಪಿಕಪ್‌ಗಳಲ್ಲಿ ಕಾಯಿಲ್‌ಗೆ ಜೋಡಿಸಿದ ಪೆಟ್ಟಿಗೆ. ಅದಕ್ಕೆ ಅವರು ಇಡುವ ಹೆಸರು ಇಗ್ನೈಟರ್. ಕಾಯಿಲ್ ಸಿಕ್ಕಿದರೆ ಅದೂ ಸಿಕ್ಕಿತು.

6. ಕೆಲವು ಟ್ರಕ್‌ಗಳಲ್ಲಿ ಮಾಡ್ಯೂಲೇ ಇಲ್ಲ, ಹುಡುಕಿ ಸುಸ್ತಾಗಬೇಡಿ.

1992ರ ನಂತರದ ಡಾಡ್ಜ್ ಮ್ಯಾಗ್ನಮ್ ಎಂಜಿನ್‌ಗಳಲ್ಲಿ ಕಾಯಿಲ್‌ಗೆ ಅಪ್ಪಣೆ ಕೊಡುವುದು ಎಂಜಿನ್ ಕಂಪ್ಯೂಟರ್ ತಾನೇ. ಅಲ್ಲಿ ಕಿಡಿ ಹೋದರೆ ಮೊದಲು ಸಂಶಯ ಪಡಬೇಕಾದ್ದು ಕ್ರ್ಯಾಂಕ್ ಸೆನ್ಸರ್ ಮೇಲೆ.

7. ಕರೆಂಟ್ ಬರುತ್ತಿದೆಯೇ ನೋಡಿ, ಎರಡು ಸಲ ನೋಡಿ.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ನೆಗೆಟಿವ್‌ಗೆ ಹಾಕಿ, ಮೊನೆಯನ್ನು ಕಾಯಿಲ್‌ನ ಪಾಸಿಟಿವ್‌ಗೆ ತಾಗಿಸಿ. ಕೀ ಆನ್ ಮಾಡಿದಾಗ ಒಂದು ಸಲ, ಸೆಲ್ಫ್ ಹೊಡೆಯುವಾಗ ಇನ್ನೊಂದು ಸಲ. ಎರಡೂ ಸಲ ಉರಿಯಬೇಕು. ಒಂದರಲ್ಲಿ ಉರಿದು ಇನ್ನೊಂದರಲ್ಲಿ ಆರಿದರೆ ಇಗ್ನಿಷನ್ ಸ್ವಿಚ್ ಅಥವಾ ಅದರ ವೈರಿಂಗ್ ಕೈಕೊಟ್ಟಿದೆ. ಎಚ್‌ಇಐಗೆ ಪೂರ್ತಿ ಬ್ಯಾಟರಿ ವೋಲ್ಟೇಜ್ ಬೇಕು. ಯಾರೋ ಹಳೆಯ ಪಾಯಿಂಟ್ ಗಾಡಿಗೆ ಎಚ್‌ಇಐ ಹಾಕಿ, ಹಳೆಯ ರೆಸಿಸ್ಟರ್ ವೈರನ್ನು ಹಾಗೇ ಬಿಟ್ಟಿದ್ದರೆ ಕಿಡಿ ದುರ್ಬಲವಾಗಿ ವರ್ಷಗಟ್ಟಲೆ ಕಾಡುತ್ತದೆ. ಡ್ಯುರಾಸ್ಪಾರ್ಕ್ ಮತ್ತು ಹಳೆಯ ಡಾಡ್ಜ್‌ಗಳಲ್ಲಿ ಮಾತ್ರ ಎಂಜಿನ್ ಓಡುವಾಗ ಕಾಯಿಲ್‌ನಲ್ಲಿ ವೋಲ್ಟೇಜ್ ಕಡಿಮೆ ಇರುವುದು ಸಹಜ, ದಾರಿಯಲ್ಲಿ ರೆಸಿಸ್ಟರ್ ಇದೆ. ಫೋರ್ಡ್‌ಗಳಲ್ಲಿ ಕಾಯಿಲ್ ಪಾಸಿಟಿವ್‌ಗೆ ಬರುವ ವೈರ್ ಕೆಂಪು, ಮೇಲೆ ತಿಳಿಹಸಿರು ಗೆರೆ.

8. ಅರ್ಥ್ ಸರಿಯಿಲ್ಲದ ಮಾಡ್ಯೂಲ್ ಸತ್ತ ಮಾಡ್ಯೂಲ್‌ನಂತೆಯೇ ವರ್ತಿಸುತ್ತದೆ.

ಡಾಡ್ಜ್‌ನ ಪೆಟ್ಟಿಗೆಗೆ ಅರ್ಥ್ ಸಿಗುವುದು ತನ್ನ ಮೈಯಿಂದ, ಬೋಲ್ಟ್ ಮೂಲಕ. ಕ್ಯಾಬಿನ್ ಗೋಡೆಗೆ ಯಾರಾದರೂ ಹೊಸ ಬಣ್ಣ ಹೊಡೆಸಿದ್ದರೆ ಅಲ್ಲಿಗೆ ಮುಗಿಯಿತು. ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಹೊಳೆಯುವ ಲೋಹಕ್ಕೆ ಮತ್ತೆ ಬಿಗಿಯಿರಿ. ಶೆವ್ರೊಲೆಯ ಮಾಡ್ಯೂಲ್‌ಗೂ ಅರ್ಥ್ ತನ್ನ ಎರಡು ಸ್ಕ್ರೂಗಳಿಂದಲೇ. ಮೀಟರಿನ ಒಂದು ವೈರ್ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಮಾಡ್ಯೂಲ್ ಮೈಗೆ. ಕೀ ಆನ್ ಇರುವಾಗ 0.2 ವೋಲ್ಟ್ ಮೀರಿದರೆ ಅರ್ಥ್ ಕೆಟ್ಟಿದೆ. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿಯನ್ನೂ ಎಳೆದು ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಗಾಡಿಯಾದರೆ ಅದು ಕೈಗೇ ಕಿತ್ತು ಬರಬಹುದು.

9. ಒಂದೇ ಪರೀಕ್ಷೆಗೆ ಸಮಯ ಇದ್ದರೆ ಇದನ್ನು ಮಾಡಿ.

ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಈಗ ಬ್ಯಾಟರಿ ಪಾಸಿಟಿವ್‌ಗೆ ಬದಲಾಯಿಸಿ. ಮೊನೆಯನ್ನು ಕಾಯಿಲ್‌ನ ನೆಗೆಟಿವ್‌ಗೆ ತಾಗಿಸಿ. ಕಾಯಿಲ್ ಕ್ಯಾಪ್ ಮೇಲಿರುವ ಎಚ್‌ಇಐ ಆದರೆ 'ಟ್ಯಾಕ್' ಎಂದು ಬರೆದ ಪಿನ್‌ಗೆ. ಸೆಲ್ಫ್ ಹೊಡೆಸಿ.

ದೀಪ ಮಿಣಮಿಣ ಮಿನುಗಿದರೆ ಮಾಡ್ಯೂಲ್ ಸ್ವಿಚ್ ಮಾಡುತ್ತಿದೆ. ಪಿಕಪ್ ಕಾಯಿಲ್ ಕೂಡ ಜೀವಂತವಾಗಿದೆ. ಕಿಡಿ ಇಲ್ಲದಿರುವುದಕ್ಕೆ ಕಾರಣ ಕಾಯಿಲ್ ಅಥವಾ ಅದರ ಮುಂದಿನ ಭಾಗ. ದೀಪ ಒಂದೇ ಸಮ ಉರಿದರೆ ಮಾಡ್ಯೂಲ್ ಒಳಗೆ ಶಾರ್ಟ್ ಆಗಿರಬಹುದು, ಅಥವಾ ಆ ವೈರ್ ಎಲ್ಲೋ ಬಾಡಿಗೆ ಉಜ್ಜಿ ಅರ್ಥ್ ಆಗುತ್ತಿರಬಹುದು. ಮಾಡ್ಯೂಲ್‌ನ ಸಾಕೆಟ್ ಬಿಚ್ಚಿ ನೋಡಿ. ಆಗಲೂ ಉರಿದರೆ ವೈರ್, ಆರಿದರೆ ಮಾಡ್ಯೂಲ್. ದೀಪ ಉರಿಯುವುದೇ ಇಲ್ಲವೆಂದರೆ ಅಪರಾಧಿ ಮಾಡ್ಯೂಲ್ ಅಥವಾ ಅದಕ್ಕೆ ಸುದ್ದಿ ಕೊಡುವ ಪಿಕಪ್ ಕಾಯಿಲ್. ಈ ಇಬ್ಬರನ್ನು ಬೇರ್ಪಡಿಸುವುದು ಮುಂದಿನ ಸೂತ್ರದ ಕೆಲಸ, ಹಣ ಉಳಿಯುವುದೂ ಅಲ್ಲಿಯೇ.

10. ಮಾಡ್ಯೂಲನ್ನು ಬೈಯುವ ಮೊದಲು ಪಿಕಪ್ ಕಾಯಿಲನ್ನು ವಿಚಾರಿಸಿ.

ಶೆವ್ರೊಲೆಯ ಪಿಕಪ್ ಕಾಯಿಲ್ ವೈರನ್ನು ಮಾಡ್ಯೂಲ್‌ನಿಂದ ಬಿಚ್ಚಿ ಓಮ್ ಅಳೆಯಿರಿ. 500ರಿಂದ 1500ರ ನಡುವೆ ಇರಬೇಕು. ಎರಡು ವೈರ್‌ಗಳಲ್ಲಿ ಯಾವುದರಿಂದಲೂ ಡಿಸ್ಟ್ರಿಬ್ಯೂಟರ್ ಮೈಗೆ ಸಂಪರ್ಕ ಇರಬಾರದು. ಡಾಡ್ಜ್‌ನಲ್ಲಿ 150ರಿಂದ 900 ಓಮ್. ಅಲ್ಲಿ ಪಿಕಪ್‌ಗೂ ತಿರುಗುವ ಹಲ್ಲುಚಕ್ರಕ್ಕೂ ನಡುವಿನ ಗ್ಯಾಪನ್ನೂ ನೋಡಬೇಕು, ಅದು 0.006ರಿಂದ 0.008 ಇಂಚು. ಹಿತ್ತಾಳೆಯ ಫೀಲರ್ ಗೇಜ್ ಬಳಸಿ, ಉಕ್ಕಿನದು ಅಯಸ್ಕಾಂತಕ್ಕೆ ಅಂಟಿ ಸುಳ್ಳು ಹೇಳುತ್ತದೆ.

ಓಮ್ ಸರಿ ಬಂದಿತೆಂದು ಎದ್ದುಬಿಡಬೇಡಿ. ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಗಾಡಿಗಳಲ್ಲಿ ಅದು ಪಿಕಪ್ ಕಾಯಿಲ್ ಕೂತಿರುವ ತಟ್ಟೆಯನ್ನು ಪ್ರತಿ ಸಲ ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಅದರ ಜೊತೆ ಬಾಗಿ ಬಾಗಿ ವೈರ್‌ಗಳು ಪ್ಲಾಸ್ಟಿಕ್ ಹೊದಿಕೆಯೊಳಗೇ ಕಡಿಯುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಆದ್ದರಿಂದ ಮೀಟರ್ ಹಿಡಿದಿರುವಾಗಲೇ ತಟ್ಟೆಯನ್ನು ಕೈಯಿಂದ ತಿರುಗಿಸಿ, ವೈರ್ ಅಲುಗಿಸಿ. ಅಂಕಿ ಹಾರಾಡಿದರೆ ಕಳ್ಳ ಸಿಕ್ಕಿದ. ಗೇರ್ ಬದಲಾಯಿಸುವಾಗ, ಆಕ್ಸಲರೇಟರ್ ಬಿಟ್ಟಾಗ ಮಾತ್ರ ಮಿಸ್ಸಿಂಗ್ ಬರುವ ಎಷ್ಟೋ ಟ್ರಕ್‌ಗಳ ಗುಟ್ಟು ಇದೇ. ಮಾಡ್ಯೂಲ್ ಮೇಲೆ ಮಾಡ್ಯೂಲ್ ಬದಲಾಯಿಸಿಕೊಂಡು ಕೂತವರ ಗುಟ್ಟೂ ಇದೇ.

ಫೋರ್ಡ್ ಟಿಎಫ್‌ಐನಲ್ಲಿ ಪಿಕಪ್ ಕಾಯಿಲ್ ಬದಲು ಹಾಲ್ ಸೆನ್ಸರ್ ಇದೆ, ಅದನ್ನು ಓಮ್‌ನಲ್ಲಿ ಅಳೆದು ಪ್ರಯೋಜನವಿಲ್ಲ. ಅಲ್ಲಿ ಬುದ್ಧಿ ಓಡಿಸಬೇಕು. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಸಿಂಪಡಿಸಲು ಕಂಪ್ಯೂಟರ್ ಕಾಯುವುದೂ ಇದೇ ಸೆನ್ಸರಿನ ಸುದ್ದಿಗೆ. ಕಿಡಿಯೂ ಇಲ್ಲ, ಇಂಜೆಕ್ಟರ್ ಟಿಕ್ ಟಿಕ್ ಸದ್ದೂ ಇಲ್ಲವೆಂದರೆ ಸೆನ್ಸರನ್ನು ಮೊದಲು ಹಿಡಿಯಿರಿ. ಇಂಜೆಕ್ಟರ್ ಕೆಲಸ ಮಾಡುತ್ತಿದ್ದು ಕಿಡಿ ಮಾತ್ರ ಇಲ್ಲವೆಂದರೆ ಮಾಡ್ಯೂಲ್ ಅಥವಾ ಕಾಯಿಲ್. ಥ್ರಾಟಲ್ ಬಾಡಿ ಶೆವ್ರೊಲೆಯಲ್ಲಿ ಇದನ್ನು ಕಣ್ಣಿನಿಂದಲೇ ನೋಡಬಹುದು: ಏರ್ ಕ್ಲೀನರ್ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿದರೆ ಮೇಲಿನಿಂದ ಪೆಟ್ರೋಲ್ ಬೀಳುವುದು ಕಾಣುತ್ತದೆ. ಆ ಹೊತ್ತಿನಲ್ಲಿ ಹತ್ತಿರ ಸ್ಪಾರ್ಕ್ ಟೆಸ್ಟರ್ ನೇತಾಡುತ್ತಿರಬಾರದು.

11. ಥ್ರಾಟಲ್ ಬಾಡಿ ಶೆವ್ರೊಲೆಯ ಮಾಡ್ಯೂಲನ್ನು ಕುಳಿತಲ್ಲೇ ಚುಚ್ಚಿ ಎಬ್ಬಿಸಬಹುದು.

ಕ್ಯಾಪ್, ರೋಟರ್ ತೆಗೆದು ಪಿಕಪ್‌ನ ವೈರ್ ಬಿಚ್ಚಿಡಿ. ಕಾಯಿಲ್‌ನ ದಪ್ಪ ವೈರ್‌ಗೆ ಸ್ಪಾರ್ಕ್ ಟೆಸ್ಟರ್ ಹಾಕಿ. ಕೀ ಆನ್. ಬ್ಯಾಟರಿ ಪಾಸಿಟಿವ್‌ಗೆ ಕ್ಲಿಪ್ ಹಾಕಿದ ಟೆಸ್ಟ್ ಲ್ಯಾಂಪಿನ ಮೊನೆಯಿಂದ ಮಾಡ್ಯೂಲ್‌ನ 'ಪಿ' ಗುರುತಿನ ಕಾಲನ್ನು ಒಂದು ಕ್ಷಣ ಮುಟ್ಟಿ ಬಿಡಿ. ಬಿಟ್ಟ ಕ್ಷಣಕ್ಕೆ ಟೆಸ್ಟರ್‌ನಲ್ಲಿ ಕಿಡಿ ಹಾರಿದರೆ ಮಾಡ್ಯೂಲೂ ಕಾಯಿಲ್ಲೂ ಬದುಕಿವೆ, ನಿಮ್ಮ ಪಿಕಪ್ ಕಾಯಿಲ್ ಸತ್ತಿದೆ. ಮಾಡ್ಯೂಲ್ ಬಿಚ್ಚದೆಯೇ ಇಷ್ಟು ಖಚಿತ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ.

12. ಟಿಎಫ್‌ಐ ಇರುವ ಫೋರ್ಡ್‌ನಲ್ಲಿ 'ಸ್ಪೌಟ್' ಪ್ಲಗ್ ಕಿತ್ತು ನೋಡಿ.

ಡಿಸ್ಟ್ರಿಬ್ಯೂಟರ್ ಹತ್ತಿರದ ವೈರ್ ಗೊಂಚಲಿನಲ್ಲಿ ಬೆರಳ ತುದಿಯಷ್ಟು ಚಿಕ್ಕ ಪ್ಲಗ್ ಇರುತ್ತದೆ. ಕಂಪ್ಯೂಟರ್ ಮಾಡ್ಯೂಲ್‌ಗೆ ಕಿಡಿಯ ಸಮಯ ಹೇಳುವ ದಾರಿ ಅದು. ಅದನ್ನು ಕಿತ್ತರೆ ಮಾಡ್ಯೂಲ್ ಕಂಪ್ಯೂಟರಿನ ಮಾತು ಬಿಟ್ಟು ಸೆನ್ಸರ್ ಹೇಳಿದಂತೆ ತಾನೇ ಕಿಡಿ ಕೊಡುತ್ತದೆ. ಕಿತ್ತ ಮೇಲೆ ಗಾಡಿ ಹತ್ತಿಕೊಂಡರೆ ಮಾಡ್ಯೂಲ್ ನಿರ್ದೋಷಿ. ತಪ್ಪು ಆ ವೈರ್‌ನಲ್ಲಿ ಅಥವಾ ಕಂಪ್ಯೂಟರಿನಲ್ಲಿ.

13. ಡಾಡ್ಜ್ ಕೀ ಬಿಟ್ಟೊಡನೆ ಆರಿದರೆ ಬ್ಯಾಲಸ್ಟ್ ರೆಸಿಸ್ಟರ್ ಬದಲಾಯಿಸಿ.

ಸೆಲ್ಫ್ ಹೊಡೆಯುವಾಗ ಕರೆಂಟ್ ರೆಸಿಸ್ಟರನ್ನು ಬಳಸಿಕೊಳ್ಳದೆ ನೇರ ಕಾಯಿಲ್‌ಗೆ ಹೋಗುತ್ತದೆ, ಕೀ ಬಿಟ್ಟ ಮೇಲೆ ಅದರ ಮೂಲಕ. ಒಳಗಿನ ತಂತಿ ಕಡಿದಿದ್ದರೆ ಹೊತ್ತಿ ಆರುವುದು ಸಹಜ. ಭಾಗ ಅಗ್ಗ, ಎರಡು ನಿಮಿಷದ ಕೆಲಸ. ಡಾಡ್ಜ್ ಹಳಬರು ಒಂದನ್ನು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ.

14. ಟೊಯೊಟಾ ಪೆಟ್ರೋಲ್ ನಿಲ್ಲಿಸಿದೆ ಎಂದು ಪಂಪ್ ಬಿಚ್ಚಬೇಡಿ.

ಇಂಜೆಕ್ಷನ್ ಇರುವ 22ಆರ್‌ಇಯಲ್ಲಿ ಕಂಪ್ಯೂಟರ್ ಇಗ್ನೈಟರ್‌ಗೆ 'ಕಿಡಿ ಕೊಡು' ಎನ್ನುತ್ತದೆ, ಇಗ್ನೈಟರ್ 'ಕೊಟ್ಟೆ' ಎಂದು ವಾಪಸ್ ಸಂದೇಶ ಕಳಿಸುತ್ತದೆ. ಆ ಉತ್ತರ ಬಾರದಿದ್ದರೆ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನೇ ಮುಚ್ಚುತ್ತದೆ. ನೋಡುವವರಿಗೆ ಪೆಟ್ರೋಲ್ ರೋಗದಂತೆ ಕಾಣುತ್ತದೆ, ಬೇರು ಇಗ್ನೈಟರಿನಲ್ಲಿ ಇರುತ್ತದೆ.

15. ಬಿಸಿಯಲ್ಲಿ ಸಾಯುವುದನ್ನು ಬಿಸಿಯಲ್ಲೇ ಪರೀಕ್ಷಿಸಿ.

ರಸ್ತೆಯಲ್ಲಿ ನಿಂತ ಗಾಡಿಯನ್ನು ಎಳೆಸಿಕೊಂಡು ಮನೆಗೆ ತಂದು, ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದಕ್ಕಾಗಿ ಟೆಸ್ಟ್ ಲ್ಯಾಂಪ್, ಸ್ಪಾರ್ಕ್ ಟೆಸ್ಟರ್ ಸೀಟಿನಡಿ ಇರಲಿ, ನಿಂತ ಜಾಗದಲ್ಲೇ 9ನೇ ಸೂತ್ರ ಮಾಡಿ. ದೀಪ ಮಿನುಗದಿದ್ದರೆ ಹೊರಗಿರುವ ಮಾಡ್ಯೂಲ್ ಮೇಲೆ ತಣ್ಣೀರಿನ ಒದ್ದೆ ಬಟ್ಟೆ ಹಿಂಡಿ ಇಟ್ಟು, ಸಾಕೆಟ್‌ಗೆ ನೀರು ಇಳಿಯದಂತೆ ನೋಡಿಕೊಂಡು, ಐದು ನಿಮಿಷ ಬಿಟ್ಟು ನೋಡಿ. ಎಂಜಿನ್ನಿನ ಉಳಿದ ಭಾಗ ಕುದಿಯುತ್ತಿರುವಾಗಲೇ ಗಾಡಿ ಹತ್ತಿಕೊಂಡರೆ ನಿಮ್ಮ ಉತ್ತರ ಸಿಕ್ಕಿತು. ಮನೆಯಲ್ಲಾದರೆ ತಿರುಗುಮುರುಗು ಮಾಡಿ: ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಮಾಡ್ಯೂಲ್‌ಗೆ ಬಿಸಿಗಾಳಿ ಊದಿ. ಬಣ್ಣ ಕೀಳುವ ಹೀಟ್ ಗನ್ ಬೇಡ, ಅದು ಒಳ್ಳೆಯ ಮಾಡ್ಯೂಲನ್ನೂ ಬೇಯಿಸುತ್ತದೆ.

16. ಅಂಗಡಿಯ ಯಂತ್ರಕ್ಕೆ ಒಂದೇ ಸಲ ಕೊಟ್ಟು ನಂಬಬೇಡಿ.

ಅಮೆರಿಕದ ಬಿಡಿಭಾಗದ ಅಂಗಡಿಗಳಲ್ಲಿ ಕೆಲವೆಡೆ ಮಾಡ್ಯೂಲನ್ನು ಪುಕ್ಕಟೆ ಪರೀಕ್ಷಿಸಿ ಕೊಡುತ್ತಾರೆ. ಸತತವಾಗಿ ಹತ್ತಾರು ಸಲ ಹಾಕಿಸಿ, ಮಾಡ್ಯೂಲ್ ಕೈಗೆ ಬಿಸಿ ತಟ್ಟುವವರೆಗೆ. ಕೌಂಟರಿನವರು ಮುಖ ಸಿಂಡರಿಸಿದರೂ ಪರವಾಗಿಲ್ಲ. 'ಫೇಲ್' ಎಂದರೆ ನಂಬಿ. 'ಪಾಸ್' ಎಂದರೆ ಅರ್ಧ ಮಾತ್ರ ನಂಬಿ.

17. ಹೊಸ ಮಾಡ್ಯೂಲ್ ಹಾಕುವ ಮುಂಚೆ ಹಳೆಯದನ್ನು ಕೊಂದದ್ದು ಯಾರು ಎಂದು ಕೇಳಿ.

ಶಾರ್ಟ್ ಆದ ಕಾಯಿಲ್ ಮಾಡ್ಯೂಲ್ ಮೂಲಕ ಹೆಚ್ಚು ಕರೆಂಟ್ ಎಳೆದು ಅದನ್ನು ಸುಡುತ್ತದೆ, ಹೊಸದನ್ನೂ ಸುಡುತ್ತದೆ. ಎಚ್‌ಇಐ, ಟಿಎಫ್‌ಐ ಎರಡರಲ್ಲೂ ಪ್ರೈಮರಿ ಒಂದು ಓಮ್‌ಗಿಂತ ಕಡಿಮೆಯೇ ಇರುತ್ತದೆ, ಮೀಟರಿನ ವೈರ್‌ಗಳ ಓಮ್ ಕಳೆದು ಲೆಕ್ಕ ಹಾಕಿ. ಸೆಕೆಂಡರಿ ಸಾವಿರಗಳಲ್ಲಿ: ಎಚ್‌ಇಐಗೆ 6 ಸಾವಿರದಿಂದ 30 ಸಾವಿರ ಓಮ್ ಒಪ್ಪುವಂಥದ್ದು. ಒಣಗಿ ಬಿರುಕು ಬಿಟ್ಟ ಪ್ಲಗ್ ವೈರ್‌ಗಳನ್ನೂ ಈಗಲೇ ಬದಲಾಯಿಸಿ. ಕ್ಯಾಪ್ ಮೇಲೆ ಕಾಯಿಲ್ ಇರುವ ಎಚ್‌ಇಐನಲ್ಲಿ ಕಾಯಿಲ್‌ನಿಂದ ಅರ್ಥ್‌ಗೆ ಹೋಗುವ ಪುಟ್ಟ ಲೋಹದ ಪಟ್ಟಿ ಇರುತ್ತದೆ. ಕ್ಯಾಪ್ ಬದಲಾಯಿಸುವಾಗ ಅದನ್ನು ಹಳೆಯ ಕ್ಯಾಪ್‌ನಲ್ಲೇ ಬಿಟ್ಟು ಕಸಕ್ಕೆ ಹಾಕುವವರು ಬಹಳ.

18. ಟಿಎಫ್‌ಐ ಬಿಚ್ಚುವಾಗ ಸರಿಯಾದ ಸಾಕೆಟ್ ಮತ್ತು ತಾಳ್ಮೆ ಬೇಕು.

ಸ್ಕ್ರೂಗಳು 5.5 ಮಿಲಿಮೀಟರ್ ಅಳತೆಯವು, ಗೋಡೆ ತೆಳ್ಳಗಿರುವ ಉದ್ದ ಸಾಕೆಟ್ ಬೇಕು. ಇದಕ್ಕೆಂದೇ ಮಾಡಿದ್ದು ಅಂಗಡಿಯಲ್ಲಿ ಸಿಗುತ್ತದೆ. ಮಾಡ್ಯೂಲನ್ನು ನೇರ ಎತ್ತಿ ಕೀಳಬೇಡಿ. ಅದರ ಮೂರು ಪಿನ್‌ಗಳು ಡಿಸ್ಟ್ರಿಬ್ಯೂಟರ್ ಒಳಕ್ಕೆ ಕಚ್ಚಿಕೊಂಡಿರುತ್ತವೆ. ಡಿಸ್ಟ್ರಿಬ್ಯೂಟರ್‌ನ ಬುಡದ ಕಡೆಗೆ ಸರಿಸಿ ಬಿಡಿಸಬೇಕು, ಇಲ್ಲವಾದರೆ ಪಿನ್ ಮುರಿಯುತ್ತದೆ. ಬೂದು ಬಣ್ಣದ ಟಿಎಫ್‌ಐ ಬೇರೆ, ಕಪ್ಪು ಬೇರೆ. ಅಳತೆ ಕೂಡಿಬಂದರೂ ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ.

19. ಗ್ರೀಸ್ ಹಚ್ಚದೆ ಕೂರಿಸಬೇಡಿ.

ಹೊಸ ಮಾಡ್ಯೂಲ್ ಡಬ್ಬಿಯಲ್ಲಿ ಸಣ್ಣ ಪೊಟ್ಟಣ ಇರುತ್ತದೆ. ಅದು ಉಪ್ಪಿನಕಾಯಿ ಪೊಟ್ಟಣದಂತೆ ಬೇಕಾದರೆ ಬಳಸು, ಬೇಡವಾದರೆ ಬಿಸಾಡು ಎನ್ನುವಂಥದ್ದಲ್ಲ. ಮಾಡ್ಯೂಲ್‌ನ ಕಾವನ್ನು ಲೋಹಕ್ಕೆ ದಾಟಿಸುವುದು ಆ ಗ್ರೀಸ್. ಡಿಸ್ಟ್ರಿಬ್ಯೂಟರ್ ಮೇಲಿನ ಹಳೆಯದನ್ನು ಪೂರ್ತಿ ಒರೆಸಿ, ಹೊಸದನ್ನು ಮಾಡ್ಯೂಲ್‌ನ ಲೋಹದ ತಳಕ್ಕೆ ತೆಳ್ಳಗೆ, ಎಲ್ಲ ಕಡೆ ಹರಡಿ. ಪೊಟ್ಟಣ ಕಳೆದುಹೋದರೆ ಕಂಪ್ಯೂಟರ್ ಪ್ರೊಸೆಸರ್‌ಗೆ ಹಚ್ಚುವ, ಕರೆಂಟ್ ಹಾಯದ ಜಾತಿಯ ಬಿಳಿ ಪೇಸ್ಟ್ ನಡೆಯುತ್ತದೆ. ವೀಲ್ ಬೇರಿಂಗ್ ಗ್ರೀಸ್ ನಡೆಯುವುದಿಲ್ಲ.

20. ತೀರಾ ಅಗ್ಗದ್ದನ್ನು ಕೊಳ್ಳಬೇಡಿ.

ಹಳೆಯ ಮಾಡ್ಯೂಲ್ ಚೆನ್ನಾಗಿಯೇ ಇದೆಯೆಂದು ಕಂಡುಬಂದರೆ ಬಿಸಾಡದೆ ಸ್ಪೇರ್ ಆಗಿ ಇಟ್ಟುಕೊಳ್ಳಿ. ಇಪ್ಪತ್ತು ವರ್ಷ ಕಾವು ತಿಂದು ಬದುಕಿದ ಅಸಲಿ ಭಾಗದ ಮೇಲೆ ನನಗೆ ಹೆಸರಿಲ್ಲದ ಹೊಸ ಡಬ್ಬಿಗಿಂತ ಹೆಚ್ಚು ನಂಬಿಕೆ.

21. ಡಿಸ್ಟ್ರಿಬ್ಯೂಟರ್ ಅಲುಗಿಸಿದ್ದರೆ ಮಾತ್ರ ಟೈಮಿಂಗ್ ಮುಟ್ಟಿ.

ಮಾಡ್ಯೂಲ್ ಬದಲಾಯಿಸಿದ ಮಾತ್ರಕ್ಕೆ ಟೈಮಿಂಗ್ ಬದಲಾಗದು. ಡಿಸ್ಟ್ರಿಬ್ಯೂಟರ್ ತೆಗೆದಿದ್ದರೆ ಟೈಮಿಂಗ್ ಲೈಟ್ ಹಿಡಿಯಬೇಕು. ಫೋರ್ಡ್‌ನ 4.9 ಮತ್ತು 5.0 ಲೀಟರ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಸ್ಪೌಟ್ ಪ್ಲಗ್ ಕಿತ್ತು 10 ಡಿಗ್ರಿಗೆ ಇಡಿ. ಥ್ರಾಟಲ್ ಬಾಡಿ ಶೆವ್ರೊಲೆಯಲ್ಲಿ ಕಂದು ಮೇಲೆ ಕಪ್ಪು ಗೆರೆಯ ಒಂಟಿ ವೈರಿನ ಜೋಡಣೆ ಬಿಚ್ಚಿ. 5.7 ಲೀಟರ್ ಎಂಜಿನ್‌ಗೆ ಸೊನ್ನೆ ಡಿಗ್ರಿ. ಬಾನೆಟ್ ಅಡಿಯ ಸ್ಟಿಕ್ಕರ್ ಬೇರೆ ಹೇಳಿದರೆ ಸ್ಟಿಕ್ಕರ್ ಮಾತೇ ಕೊನೆ.

22. ಕೊನೆಯ ಪರೀಕ್ಷೆ ರಸ್ತೆಯದು.

ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ಕಾದಿರುವಾಗ ಕಾಲು ಗಂಟೆ ಐಡಲ್‌ನಲ್ಲಿ ಬಿಡಿ, ಎಸಿ ಇದ್ದರೆ ಹಾಕಿ. ಆಮೇಲೆ ಎಂಜಿನ್ ಆರಿಸಿ ಹತ್ತು ನಿಮಿಷ ಬಾನೆಟ್ ಮುಚ್ಚಿಯೇ ಇಡಿ. ಬಾನೆಟ್ ಅಡಿಯ ಕಾವು ಅತಿ ಹೆಚ್ಚುವುದು ಓಡುವಾಗ ಅಲ್ಲ, ನಿಂತ ಮೇಲೆ, ಗಾಳಿ ಆಡದಿದ್ದಾಗ. ಈಗ ಸೆಲ್ಫ್ ಹೊಡೆಯಿರಿ. ಮೊದಲ ಸಲಕ್ಕೇ ಹತ್ತಿಕೊಂಡರೆ ಉಪಕರಣ ಒಳಗಿಡಿ. ಮತ್ತೆ ಅದೇ ಹಟ ಹಿಡಿದರೆ ಇನ್ನೊಂದು ಮಾಡ್ಯೂಲ್ ತರಲು ಅಂಗಡಿಗೆ ಓಡಬೇಡಿ. ಬಾನೆಟ್ ತೆರೆದು, ಮೀಟರ್ ಹಿಡಿದು, ಬಿಸಿ ಆರುವ ಮೊದಲೇ ಪಿಕಪ್ ವೈರ್‌ಗಳನ್ನು ಅಲುಗಿಸಿ ನೋಡಿ.